ಮೂಗಿನ ಅಳತೆಯಿಂದ ಪರದೆಯ ಚುಕ್ಕೆಗಳವರೆಗೆ

ಬೆಳೆ ತಳಿಗಳ ಕುರಿತ ಪಿಎಚ್‌ಡಿ ಪ್ರಬಂಧವಿರಲಿ, ಬ್ಯಾಂಕಿನ ಸಾಲ ವಿಭಾಗದ ವರದಿಯಿರಲಿ, ಜೇನುತುಪ್ಪದ ಕಲಬೆರಕೆ ಪತ್ತೆ ಮಾಡುವ ಪ್ರಯೋಗಾಲಯದ ಲೇಖನವಿರಲಿ, ಅದರೊಳಗೆ ಎಲ್ಲೋ ಒಂದು ಕಡೆ ಬಣ್ಣದ ಚುಕ್ಕೆಗಳ ಚಿತ್ರವೊಂದು ಸಿಕ್ಕೇ ಸಿಗುತ್ತದೆ. ಕೆಂಪು ಚುಕ್ಕೆಗಳು ಒಂದು ಮೂಲೆಯಲ್ಲಿ, ನೀಲಿ ಇನ್ನೊಂದು ಮೂಲೆಯಲ್ಲಿ, ಹಸಿರು ನಡುವೆ. ಪ್ರತಿ ಗುಂಪಿನ ಸುತ್ತಲೂ ಒಂದು ಅಂಡಾಕಾರದ ಗೆರೆ. ಡಿಸ್ಕ್ರಿಮಿನೆಂಟ್ ಅನಾಲಿಸಿಸ್ ಎಂಬ ಸಂಖ್ಯಾಶಾಸ್ತ್ರದ ವಿಧಾನ ಕೊಡುವ ಚಿತ್ರ ಅದು. ಹತ್ತಾರು ಅಳತೆಗಳನ್ನು ತಕ್ಕ ತೂಕ ಕೊಟ್ಟು ಕೂಡಿಸಿ, ಗುಂಪುಗಳ ನಡುವಿನ ವ್ಯತ್ಯಾಸ ಯಾವ ದಿಕ್ಕಿನಲ್ಲಿ ಅತಿ ಹೆಚ್ಚಾಗಿ ಕಾಣುತ್ತದೆಯೋ ಆ ದಿಕ್ಕನ್ನು ಸಾಫ್ಟ್‌ವೇರ್ ಹುಡುಕಿ, ಅದನ್ನೇ ಅಕ್ಷವಾಗಿಟ್ಟು ಚುಕ್ಕೆಗಳನ್ನು ಹರಡುತ್ತದೆ. ಚಿತ್ರ ನೋಡಿದವರು ಸಾಮಾನ್ಯವಾಗಿ ಆಡುವ ಮಾತು ಒಂದೇ: ಗುಂಪುಗಳು ಸ್ಪಷ್ಟವಾಗಿ ಬೇರೆಯಾಗಿವೆ, ಆದ್ದರಿಂದ ಅವು ನಿಜವಾಗಿಯೂ ಬೇರೆ. ಈ ಎರಡನೆಯ ಮಾತನ್ನು ಆಡುವ ಹಕ್ಕು ಚಿತ್ರಕ್ಕಿಲ್ಲ. ಗುಂಪುಗಳ ಹೆಸರನ್ನು ಮೊದಲೇ ಬರೆದು ಕೊಟ್ಟಿದ್ದು ನಾವು. ಆ ಹೆಸರುಗಳನ್ನು ನಂಬಿಕೊಂಡೇ ಸಾಫ್ಟ್‌ವೇರ್ ಅಕ್ಷಗಳನ್ನು ಆರಿಸಿದೆ. ಈ ವಿಧಾನ ಹುಟ್ಟಿದ ಬಗೆಯನ್ನು ನೋಡಿದರೆ ಈ ಮಾತು ಎಷ್ಟು ಮುಖ್ಯವೆಂಬುದು ಮನದಟ್ಟಾಗುತ್ತದೆ. ಅದರ ದೊಡ್ಡ ಪಾಲು ನಡೆದದ್ದು ನಮ್ಮ ದೇಶದಲ್ಲೇ, ನಮ್ಮ ಜಾತಿಗಳ ಹೆಸರು ಹಿಡಿದೇ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹರ್ಬರ್ಟ್ ರಿಸ್ಲೆ ಎಂಬ ಬ್ರಿಟಿಷ್ ಅಧಿಕಾರಿ ಬಂಗಾಳ ಪ್ರಾಂತ್ಯದಲ್ಲಿ ಜನರ ತಲೆ, ಮೂಗು, ಎತ್ತರಗಳನ್ನು ಅಳೆಯಿಸಿದರು. 1891ರಲ್ಲಿ ಅದು ಬಂಗಾಳದ ಬುಡಕಟ್ಟುಗಳು ಮತ್ತು ಜಾತಿಗಳ ಮೇಲಿನ ಸಂಪುಟಗಳಾಗಿ ಹೊರಬಂತು. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಸೂಚ್ಯಂಕದ ಮೇಲೆ ಅವರಿಗೆ ಅಪಾರ ನಂಬಿಕೆ. ಜಾತಿಯ ಸಾಮಾಜಿಕ ಸ್ಥಾನ ಮೇಲೇರಿದಂತೆ ಮೂಗು ಕಿರಿದಾಗುತ್ತ ಹೋಗುತ್ತದೆ ಎಂಬುದು ಅವರ ವಾದ. ಇದೇ ರಿಸ್ಲೆ 1901ರ ಜನಗಣತಿಯ ಆಯುಕ್ತರೂ ಆಗಿದ್ದರಿಂದ ಆ ವಾದಕ್ಕೆ ಸರ್ಕಾರದ ಮುದ್ರೆ ಬಿತ್ತು. ಆಮೇಲೆ ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆ 1932ರ ತಮ್ಮ ಪುಸ್ತಕದಲ್ಲಿ, ಈ ಮೂಗಿನ ನಿಯಮ ಗಂಗಾ ಬಯಲಿನ ಹಿಂದೂಸ್ತಾನದ ಆಚೆಗೆ ನಿಲ್ಲುವುದಿಲ್ಲವೆಂದು ತೋರಿಸಿದರು. ನಮಗೆ ಇಲ್ಲಿ ಬೇಕಾದದ್ದು ಅಳತೆಯ ತಪ್ಪುಸರಿಗಿಂತ ಕೆಲಸದ ಕ್ರಮ. ರಿಸ್ಲೆ ಮೊದಲು ಜನರನ್ನು ಅಳೆದು ಆಮೇಲೆ ಗುಂಪುಗಳನ್ನು ಕಂಡುಕೊಂಡವರಲ್ಲ. ಅಳೆಯುವ ಕೆಲಸ ಆರಂಭವಾಗುವ ಮೊದಲೇ ಅವರ ಕಾಗದದ ಎಡಬದಿಯಲ್ಲಿ ಜಾತಿಯ ಹೆಸರು ಬರೆದಾಗಿತ್ತು.

ಪ್ರಶಾಂತಚಂದ್ರ ಮಹಾಲನೋಬಿಸ್ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. 1920ರ ನಾಗಪುರದ ವಿಜ್ಞಾನ ಸಮಾವೇಶದಲ್ಲಿ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ನೆಲ್ಸನ್ ಆನಂಡೇಲ್ ಅವರ ಪರಿಚಯವಾಯಿತು. ಕಲ್ಕತ್ತೆಯ ಆಂಗ್ಲೋ ಇಂಡಿಯನ್ನರ ಮೈಯಳತೆಗಳು ಆನಂಡೇಲ್ ಬಳಿ ಇದ್ದವು. ಅವುಗಳ ವಿಶ್ಲೇಷಣೆ ಮಹಾಲನೋಬಿಸ್ ಅವರ ಪಾಲಿಗೆ ಬಂದು, ಅದರ ಮೊದಲ ಭಾಗ 1922ರಲ್ಲಿ ಪ್ರಕಟವಾಯಿತು. ಎರಡು ಗುಂಪುಗಳು ಒಂದಕ್ಕೊಂದು ಎಷ್ಟು ಹತ್ತಿರ ಎಂದು ಕೇಳಲು ಆಗ ಇದ್ದ ಸಾಧನ ಲಂಡನ್ನಿನ ಕಾರ್ಲ್ ಪಿಯರ್ಸನ್ ಅವರ ಜನಾಂಗೀಯ ಹೋಲಿಕೆಯ ಗುಣಾಂಕ. ಅದರಲ್ಲಿ ಎರಡು ದೊಡ್ಡ ದೋಷಗಳಿದ್ದವು. ಹೆಚ್ಚು ಜನರನ್ನು ಅಳೆದಷ್ಟೂ ಗುಂಪುಗಳು ಹೆಚ್ಚು ದೂರವಿದ್ದಂತೆ ಅದು ತೋರಿಸುತ್ತಿತ್ತು. ಎತ್ತರವಿದ್ದವರಿಗೆ ಕಾಲೂ ಉದ್ದವಿರುತ್ತದೆ ಎಂಬಂಥ, ಅಳತೆ ಅಳತೆಗಳ ನಡುವಿನ ನಂಟನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಮಹಾಲನೋಬಿಸ್ ಕಟ್ಟಿಕೊಟ್ಟ ಅಂತರ ಇವೆರಡನ್ನೂ ಸರಿಪಡಿಸಿತು. ಗುಂಪುಗಳ ಸರಾಸರಿಗಳ ನಡುವಿನ ದೂರವನ್ನು ಸೆಂಟಿಮೀಟರಿನಲ್ಲಿ ಅಳೆಯದೆ, ಒಂದೊಂದು ಗುಂಪಿನ ಒಳಗೇ ಜನ ಎಷ್ಟು ಚದುರಿದ್ದಾರೆ ಎಂಬುದನ್ನೇ ಅಳತೆಗೋಲು ಮಾಡಿಕೊಂಡಿತು. 1930ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ, ಪೂರ್ಣರೂಪದಲ್ಲಿ 1936ರಲ್ಲಿ ಪ್ರಕಟವಾದ ಈ ಅಂತರ ಇಂದು ಅವರ ಹೆಸರಿನಿಂದಲೇ ಸಂಖ್ಯಾಶಾಸ್ತ್ರದ ಬಹುತೇಕ ಸಾಫ್ಟ್‌ವೇರುಗಳಲ್ಲಿದೆ. ರಿಸ್ಲೆಯ ಹಳೆಯ ಅಂಕಿಗಳನ್ನೂ ಅವರು ಬಿಡಲಿಲ್ಲ. ತಾವೇ 1933ರಲ್ಲಿ ಆರಂಭಿಸಿದ ಸಂಖ್ಯಾ ಪತ್ರಿಕೆಯಲ್ಲಿ, ಒಂದಕ್ಕೊಂದು ತಾಳೆಯಾಗದ ಸಂಖ್ಯೆಗಳನ್ನು ಪತ್ತೆ ಹಚ್ಚಿ ತಿದ್ದಿದರು. ಅದಕ್ಕೂ ಮೊದಲು ಬಂಗಾಳದ ಜನಾಂಗ ಮಿಶ್ರಣದ ಮೇಲೆ ಬರೆದಾಗ ಅವರಿಗೆ ಸಿಕ್ಕ ಫಲಿತಾಂಶ ಗಮನಾರ್ಹ: ಬಂಗಾಳದ ಬ್ರಾಹ್ಮಣರು ಹೊರಪ್ರಾಂತ್ಯದ ಬ್ರಾಹ್ಮಣರಿಗಿಂತ ಬಂಗಾಳದ್ದೇ ಇತರ ಜಾತಿಗಳಿಗೆ ಹೆಚ್ಚು ಹತ್ತಿರವಿದ್ದರು. ಅಂದರೆ ಒಳ್ಳೆಯ ಅಳತೆಗೋಲು ಸಿಕ್ಕಿದೊಡನೆ ರಿಸ್ಲೆಯ ಸರಳ ಏಣಿ ಅಲುಗಾಡಿತು. ಆದರೂ ಅಳತೆಗೋಲನ್ನು ಇಟ್ಟದ್ದು ಜಾತಿಯ ಹೆಸರಿದ್ದ ಅದೇ ಸಾಲುಗಳ ನಡುವೆ.

ಅತ್ತ ಇಂಗ್ಲೆಂಡಿನಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಇನ್ನೊಂದು ದಾರಿಯಿಂದ ಇದೇ ಜಾಗಕ್ಕೆ ಬಂದರು. ಅವರ ಸಲಹೆಯಂತೆ ಮಿಲ್ಡ್ರೆಡ್ ಬರ್ನಾರ್ಡ್ 1935ರಲ್ಲಿ ನಾಲ್ಕು ಕಾಲಘಟ್ಟಗಳ ಈಜಿಪ್ಟಿನ ತಲೆಬುರುಡೆಗಳನ್ನು ತೆಗೆದುಕೊಂಡು, ಕಾಲ ಸರಿದಂತೆ ಯಾವ ಅಳತೆಗಳ ಕೂಟ ಹೆಚ್ಚು ಬದಲಾಗಿದೆ ಎಂದು ಲೆಕ್ಕ ಹಾಕಿದರು. ಮರುವರ್ಷ ಫಿಶರ್ ಅವರ ಹೆಸರಾಂತ ಪ್ರಬಂಧ ಬಂತು. ಬುರುಡೆಗಳ ಜಾಗದಲ್ಲಿ ಈಗ ಐರಿಸ್ ಹೂಗಳಿದ್ದವು. ಮೂರು ಪ್ರಭೇದ, ತಲಾ 50 ಹೂ, ಒಂದೊಂದು ಹೂವಿಗೆ ನಾಲ್ಕು ಅಳತೆ: ಪುಷ್ಪಪತ್ರದ ಉದ್ದ ಮತ್ತು ಅಗಲ, ಪುಷ್ಪದಳದ ಉದ್ದ ಮತ್ತು ಅಗಲ. ಅಳೆದವರು ಅಮೆರಿಕದ ಸಸ್ಯವಿಜ್ಞಾನಿ ಎಡ್ಗರ್ ಆಂಡರ್ಸನ್. ಸೆಟೋಸಾ ಮತ್ತು ವರ್ಸಿಕಲರ್ ಹೂಗಳನ್ನು ಕೆನಡಾದ ಗ್ಯಾಸ್ಪೆ ಪರ್ಯಾಯದ್ವೀಪದ ಒಂದೇ ಬಯಲಿನಲ್ಲಿ, ಒಂದೇ ದಿನ, ಒಬ್ಬರೇ ಕೊಯ್ದು ಒಂದೇ ಸಾಧನದಿಂದ ಅಳೆದದ್ದು. ವರ್ಜಿನಿಕಾ ಮಾತ್ರ ಬೇರೆ ಕಡೆಯದು. ಫಿಶರ್ ಅವರ ಮನಸ್ಸಿನಲ್ಲಿ ಒಂದು ನಿರ್ದಿಷ್ಟ ಪ್ರಶ್ನೆಯಿತ್ತು. ವರ್ಸಿಕಲರ್ ಉಳಿದೆರಡರ ಮಿಶ್ರತಳಿ ಎಂಬ ಊಹೆ ಆಗ ಚಾಲ್ತಿಗೆ ಬಂದಿತ್ತು. ಅದು ನಿಜವಾದರೆ, ವರ್ಣತಂತುಗಳ ಲೆಕ್ಕದ ಪ್ರಕಾರ, ವರ್ಸಿಕಲರ್ ಸೆಟೋಸಾದಿಂದ ಇರುವ ದೂರ ವರ್ಜಿನಿಕಾದಿಂದ ಇರುವ ದೂರದ ಎರಡರಷ್ಟಿರಬೇಕು. ಲೆಕ್ಕ ಮಾಡಿದಾಗ ಹೆಚ್ಚುಕಡಿಮೆ ಹಾಗೆಯೇ ಬಂತು. ಆ ಪ್ರಬಂಧದಲ್ಲಿರುವ ಚಿತ್ರದಲ್ಲಿ ಒಂದೇ ಅಕ್ಷವಿದೆ, ಅದರ ಮೇಲೆ ಮೂರು ಪ್ರಭೇದಗಳ ಸ್ತಂಭಾಲೇಖಗಳು. ಸೆಟೋಸಾ ದೂರದಲ್ಲಿ ಒಂಟಿಯಾಗಿದೆ, ಉಳಿದೆರಡು ಅಂಚಿನಲ್ಲಿ ಒಂದರ ಮೇಲೊಂದು ಹಾಯ್ದಿವೆ. ಪ್ರಶ್ನೆ ಒಂದಿತ್ತು, ಅಕ್ಷವೂ ಒಂದೇ ಸಾಕಾಯಿತು.

ಈ ಹೂಗಳ ಅಂಕಿಗಳು ಇಂದು ಆರ್ ಎಂಬ ಉಚಿತ ಸಾಫ್ಟ್‌ವೇರಿನೊಳಗೆ ಮೊದಲೇ ಸೇರಿಕೊಂಡಿವೆ. ಈ ವಿಧಾನ ಕಲಿಯುವ ವಿದ್ಯಾರ್ಥಿಗಳು ಬರೆಯುವ ಮೊದಲ ಆಜ್ಞೆ ಸಾಮಾನ್ಯವಾಗಿ ಇವುಗಳ ಮೇಲೆಯೇ. ಅಲ್ಲಿ ಬರುವ ಚಿತ್ರವನ್ನು ನಿಧಾನವಾಗಿ ನೋಡಬೇಕು. ಮೂರು ಗುಂಪುಗಳಿರುವುದರಿಂದ ಹೆಚ್ಚೆಂದರೆ ಎರಡು ಅಕ್ಷ ಸಿಗುತ್ತವೆ. ಗುಂಪುಗಳ ಸಂಖ್ಯೆಗಿಂತ ಒಂದು ಕಡಿಮೆ ಎಂಬುದು ನಿಯಮ. ಸಾಫ್ಟ್‌ವೇರ್ ಎರಡನ್ನೂ ಅಡ್ಡಕ್ಕೂ ಉದ್ದಕ್ಕೂ ಹಾಸಿ ಚಿತ್ರ ಬಿಡಿಸುತ್ತದೆ. ಕಣ್ಣಿಗೆ ಎರಡೂ ಸಮಾನ ಎನ್ನಿಸುತ್ತದೆ. ಆದರೆ ಕೆಳಗೆ ಅಚ್ಚಾಗುವ ಅಂಕಿಗಳಲ್ಲಿ ಮೊದಲ ಅಕ್ಷದ ಪಾಲು 0.9912, ಎರಡನೆಯದರ ಪಾಲು 0.0088. ಗುಂಪುಗಳ ನಡುವಿನ ವ್ಯತ್ಯಾಸದ ಶೇ 99ಕ್ಕೂ ಹೆಚ್ಚು ಪಾಲು ಅಡ್ಡ ಗೆರೆಯಲ್ಲೇ ಇದೆ. ಮೇಲೆ ಕೆಳಗೆ ಕಾಣುವ ಏರಿಳಿತಕ್ಕೆ ಅರ್ಥ ಹಚ್ಚಲು ಹೊರಟವರು ಶೇ 1ಕ್ಕಿಂತ ಕಡಿಮೆಯ ಸಂಗತಿಗೆ ಪುಟಗಟ್ಟಲೆ ವ್ಯಾಖ್ಯಾನ ಬರೆದಂತಾಗುತ್ತದೆ. ಸೆಟೋಸಾ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದಕ್ಕೂ ಬೆಲೆಯಿಲ್ಲ, ಏಕೆಂದರೆ ಅಕ್ಷದ ಧನ ಋಣ ಚಿಹ್ನೆ ಗಣಿತದ ಮಟ್ಟಿಗೆ ಐಚ್ಛಿಕ. ಒಂದು ಸಾಫ್ಟ್‌ವೇರಿನಲ್ಲಿ ಬಲಕ್ಕಿದ್ದದ್ದು ಇನ್ನೊಂದರಲ್ಲಿ ಎಡಕ್ಕೆ ಬರಬಹುದು. ದಳದ ಉದ್ದದ ಸರಾಸರಿ ಸೆಟೋಸಾದಲ್ಲಿ 1.462 ಸೆಂಟಿಮೀಟರ್, ವರ್ಸಿಕಲರ್‌ನಲ್ಲಿ 4.26, ವರ್ಜಿನಿಕಾದಲ್ಲಿ 5.552. ಸೆಟೋಸಾವನ್ನು ಬೇರ್ಪಡಿಸಲು ಒಂದು ಅಳತೆಪಟ್ಟಿಯೇ ಸಾಕು. ಈ ವಿಧಾನದ ನಿಜವಾದ ದುಡಿಮೆ ಉಳಿದೆರಡರ ನಡುವೆ, ಅಲ್ಲಿ 150ರಲ್ಲಿ 3 ಹೂಗಳು ತಪ್ಪು ಗುಂಪಿಗೆ ಹೋಗುತ್ತವೆ. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ: ಎರಡೇ ಗುಂಪುಗಳನ್ನು ಕೊಟ್ಟರೆ ಆರ್‌ನ ಮಾಸ್ ಎಂಬ ಪ್ಯಾಕೇಜು ಚುಕ್ಕೆಗಳ ಚಿತ್ರವನ್ನು ಕೈಬಿಟ್ಟು, ಒಂದೇ ಅಕ್ಷದ ಮೇಲೆ ಸ್ತಂಭಾಲೇಖಗಳನ್ನು ಬಿಡಿಸುತ್ತದೆ. 1936ರ ಫಿಶರ್ ಚಿತ್ರದ ಪ್ರಾಮಾಣಿಕತೆ ಅಲ್ಲಿ ಹಾಗೇ ಉಳಿದಿದೆ.

ಇಲ್ಲಿಂದ ಮುಂದಿನ ಹೆಜ್ಜೆ ಇಟ್ಟವರು ನಮ್ಮ ಹೂವಿನ ಹಡಗಲಿಯಲ್ಲಿ 1920ರ ಸೆಪ್ಟೆಂಬರ್ 10ರಂದು ಹುಟ್ಟಿದ ಸಿ. ಆರ್. ರಾವ್. 1941ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸೇರಿದ ಅವರ ಕೈಗೆ ಬಂದದ್ದು ಸಂಯುಕ್ತ ಪ್ರಾಂತ್ಯದ ಮೈಯಳತೆ ಸಮೀಕ್ಷೆ. ಮಾನವಶಾಸ್ತ್ರಜ್ಞ ಡಿ. ಎನ್. ಮಜುಂದಾರ್ ಆ ವರ್ಷ ಅಲ್ಲಿನ ಹಲವು ಜಾತಿ ಬುಡಕಟ್ಟುಗಳ ಜನರನ್ನು ಅಳೆದಿದ್ದರು. 1946ರಲ್ಲಿ ರಾವ್ ಕೇಂಬ್ರಿಜ್‌ಗೆ ಹೋಗಿ, ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತಂದಿದ್ದ ಅಸ್ಥಿಪಂಜರಗಳ ಅಳತೆಗಳಲ್ಲಿ ತೊಡಗಿಕೊಂಡರು, ಫಿಶರ್ ಅವರ ಬಳಿಯೇ ಡಾಕ್ಟರೇಟ್ ಮುಗಿಸಿದರು. ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ 1948ರಲ್ಲಿ ಬಂದ ಅವರ ಪ್ರಬಂಧ ಎರಡು ಗುಂಪುಗಳ ವಿಧಾನವನ್ನು ಅನೇಕ ಗುಂಪುಗಳಿಗೆ ವಿಸ್ತರಿಸಿತು. ಅಲ್ಲಿ ಬರುವ ಉದಾಹರಣೆಯಲ್ಲಿ ಮೂರು ಗುಂಪುಗಳಿವೆ: ಬ್ರಾಹ್ಮಣರು, ಕುಶಲಕರ್ಮಿಗಳು, ಕೋರ್ವಾ ಬುಡಕಟ್ಟಿನವರು. ನಿಂತ ಎತ್ತರದ ಸರಾಸರಿಗಳು ಕ್ರಮವಾಗಿ ಸುಮಾರು 164.5, 160.5 ಮತ್ತು 158.2 ಸೆಂಟಿಮೀಟರ್. ಗುಂಪಿನ ಒಳಗಿನ ಚದುರುವಿಕೆ 5.7ರ ಆಸುಪಾಸು. ಈ ಕೊನೆಯ ಸಂಖ್ಯೆಯ ಮೇಲೆ ಕಣ್ಣಿಡಬೇಕು. ಬ್ರಾಹ್ಮಣರಿಗೂ ಕುಶಲಕರ್ಮಿಗಳಿಗೂ ಇರುವ ಅಂತರ 4 ಸೆಂಟಿಮೀಟರ್. ಒಂದೇ ಜಾತಿಯ ಇಬ್ಬರ ನಡುವೆ ಅದಕ್ಕಿಂತ ಹೆಚ್ಚಿನ ಅಂತರ ಸಾಮಾನ್ಯ. ಎತ್ತರ ನೋಡಿ ಜಾತಿ ಹೇಳಹೊರಟವನು ಪದೇ ಪದೇ ಸೋಲುತ್ತಾನೆ. ಎತ್ತರವೂ ಸೇರಿ ಆ ಉದಾಹರಣೆಯಲ್ಲಿರುವ ನಾಲ್ಕು ಅಳತೆಗಳನ್ನು ಕೂಡಿಸಿದರೆ ಸೋಲು ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಇದನ್ನು ರಾವ್ ಚೆನ್ನಾಗಿ ಬಲ್ಲವರಾಗಿದ್ದರು. ಆ ದಿನಗಳ ಅವರ ಬರಹಗಳಲ್ಲಿ ಸಂದೇಹದ ವಲಯ ಎಂಬ ಕಲ್ಪನೆಯಿದೆ. ಯಾವುದೋ ಒಬ್ಬ ವ್ಯಕ್ತಿಯ ಅಳತೆ ಎರಡು ಗುಂಪುಗಳ ನಡುವಿನ ಜಾಗದಲ್ಲಿ ಬಿದ್ದರೆ, ಅವನನ್ನು ಯಾವ ಗುಂಪಿಗೂ ತಳ್ಳದೆ ತೀರ್ಪನ್ನು ತಡೆಹಿಡಿಯುವ ಅವಕಾಶ ಅದು. ಈ ವಿಧಾನದ ಇತಿಹಾಸದಲ್ಲಿ ಇದಕ್ಕಿಂತ ಘನವಾದ ವಿವೇಕ ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ 1949ರಲ್ಲಿ ಮಹಾಲನೋಬಿಸ್, ಮಜುಂದಾರ್, ರಾವ್ ಮೂವರೂ ಸೇರಿ ಹೊರತಂದ ಸಂಯುಕ್ತ ಪ್ರಾಂತ್ಯದ ವರದಿ ಓದುಗರ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಕಾರಣಕ್ಕೆ: ಬ್ರಾಹ್ಮಣರು ಒಂದು ತುದಿಗೆ, ಬುಡಕಟ್ಟುಗಳು ಇನ್ನೊಂದು ತುದಿಗೆ, ಕುಶಲಕರ್ಮಿ ಜಾತಿಗಳು ನಡುವೆ. ಇಂಥ ನಕ್ಷೆಯಲ್ಲಿ ಒಂದು ಜಾತಿಗೆ ಒಂದು ಚುಕ್ಕೆ. ಆ ಚುಕ್ಕೆ ಸರಾಸರಿಯದು. ಅದರ ಹಿಂದಿನ ನೂರಾರು ಜನ ಕಾಣುವುದಿಲ್ಲ, ಅವರು ಪಕ್ಕದ ಜಾತಿಯವರೊಡನೆ ಬೆರೆತು ಹೋಗಿರುವುದೂ ಕಾಣುವುದಿಲ್ಲ. ಎತ್ತರಕ್ಕೆ ಅನ್ನಾಹಾರದ ನಂಟೂ ಇದೆಯಲ್ಲ. ಅಮೆರಿಕಕ್ಕೆ ವಲಸೆ ಬಂದವರ ಮಕ್ಕಳ ಮೈಕಟ್ಟು ತಂದೆತಾಯಿಯರದ್ದಕ್ಕಿಂತ ಬದಲಾಗುತ್ತದೆಂದು ಫ್ರಾಂಜ್ ಬೋವಾಸ್ 1912ರ ಹೊತ್ತಿಗೇ ತೋರಿಸಿದ್ದರು. ತಲೆಮಾರುಗಳ ಕಾಲ ಅರೆಹೊಟ್ಟೆಯಲ್ಲಿದ್ದ ಗುಂಪು ಗಿಡ್ಡವಾಗಿದ್ದರೆ ಆ ಅಂತರ ವಂಶದ್ದೋ ಹಸಿವಿನದ್ದೋ ಎಂದು ಹೇಳುವ ಶಕ್ತಿ ನಕ್ಷೆಗಿಲ್ಲ. ಗುಂಪಿಗೆ ಜಾತಿಯ ಹೆಸರು ಕೊಟ್ಟದ್ದರಿಂದ ಅಂತರಕ್ಕೂ ಜಾತಿಯ ಹೆಸರು ಬಂತು. ಅವೇ ಜನರನ್ನು ಜಮೀನಿದ್ದವರು, ಇಲ್ಲದವರು ಎಂದು ವಿಂಗಡಿಸಿ ಕೊಟ್ಟಿದ್ದರೆ ಅದೇ ಗಣಿತ ಅಷ್ಟೇ ನಿಷ್ಠೆಯಿಂದ ಇನ್ನೊಂದು ನಕ್ಷೆಯನ್ನು ಬಿಡಿಸಿಕೊಡುತ್ತಿತ್ತು.

ಕಂಪ್ಯೂಟರು ಬಂದ ಮೇಲೆ ಏನಾಯಿತು ಎಂಬುದು ಈ ಕಥೆಯ ಕಡೆಗಣಿಸಲ್ಪಟ್ಟ ಭಾಗ. ಕೈಲೆಕ್ಕದ ಯಂತ್ರಗಳ ಕಾಲದಲ್ಲಿ ಹತ್ತು ಅಳತೆಗಳ ಲೆಕ್ಕ ಮುಗಿಸಲು ಹಲವರು ದಿನಗಟ್ಟಲೆ ಕೂರಬೇಕಿತ್ತು. ಗುಂಪು ಯಾವುದು, ಅಳತೆ ಯಾವುದು ಎಂದು ಮೊದಲೇ ಯೋಚಿಸದೆ ಯಾರೂ ಆ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ. 1960ರ ದಶಕದ ಮೊದಲಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಿಂದ ಬಿಎಂಡಿ ಎಂಬ ಪ್ರೋಗ್ರಾಮುಗಳ ಕಟ್ಟು ಬಂತು, 1968ರಲ್ಲಿ ಸ್ಟಾನ್‌ಫರ್ಡ್‌ನಿಂದ ಎಸ್‌ಪಿಎಸ್‌ಎಸ್ ಬಂತು. ಸಮಾಜವಿಜ್ಞಾನ ಓದಿದವರೂ ನಾಲ್ಕು ಸಾಲು ಬರೆದು ಇದೇ ಲೆಕ್ಕ ಮಾಡುವಂತಾಯಿತು. ಇದು ದೊಡ್ಡ ಉಪಕಾರ, ಅನುಮಾನವಿಲ್ಲ. ಎಸ್‌ಪಿಎಸ್‌ಎಸ್‌ನಲ್ಲಿ ಪ್ರಾಂತ್ಯ ನಕ್ಷೆ ಎಂಬರ್ಥದ ಹೆಸರಿನ ಒಂದು ಚಿತ್ರವಿದೆ. ಬರೀ ಅಕ್ಷರ ಅಂಕಿಗಳಿಂದ ಅಚ್ಚಾಗುವ ಆ ಹಳೆಯ ಕಾಲದ ಚಿತ್ರದಲ್ಲಿ ಗುಂಪು 1ರ ಗಡಿಯುದ್ದಕ್ಕೂ 1, 1, 1, ಅದಕ್ಕೆ ಅಂಟಿಕೊಂಡು ಗುಂಪು 2ರ 2, 2, 2, ಗುಂಪಿನ ಕೇಂದ್ರದಲ್ಲಿ ಒಂದು ನಕ್ಷತ್ರ ಚಿಹ್ನೆ. ಎರಡು ಊರುಗಳ ಸರ್ವೆ ನಕ್ಷೆಯಂತೆ ಗಡಿಕಲ್ಲುಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ನಡುವೆ ಗೋಮಾಳಕ್ಕೆ ಜಾಗವಿಲ್ಲ. ರಾವ್ ಕಾದಿರಿಸಿದ್ದ ಸಂದೇಹದ ವಲಯ ಇಲ್ಲಿ ಗೆರೆಯ ದಪ್ಪಕ್ಕೆ ಕುಗ್ಗಿಹೋಗಿದೆ. ಗಡಿಯ ಈಚೆ ಬಿದ್ದ ಚುಕ್ಕೆ ಒಂದನೆಯ ಗುಂಪಿನದು, ಕೂದಲೆಳೆಯಷ್ಟು ಆಚೆ ಬಿದ್ದದ್ದು ಎರಡನೆಯದು. ಆ ಚುಕ್ಕೆ ಎರಡೂ ಗುಂಪಿಗೆ ಸೇರುವ ಸಂಭವನೀಯತೆ ಎಷ್ಟೆಷ್ಟು ಎಂಬ ಅಂಕಿಯನ್ನು ಅದೇ ಸಾಫ್ಟ್‌ವೇರ್ ಬೇರೆ ಕೋಷ್ಟಕದಲ್ಲಿ ಕೊಡುತ್ತದೆ, ನಿಜ. ಪ್ರಬಂಧಗಳಲ್ಲಿ ಅಚ್ಚಾಗುವುದು ಚಿತ್ರ, ಕೋಷ್ಟಕ ಅಲ್ಲೇ ಉಳಿಯುತ್ತದೆ.

ಇದೆಲ್ಲ ಮಾನವಶಾಸ್ತ್ರದ ಹಳೆಯ ಗಾಯ, ಇಂದಿನ ಬಳಕೆಗಳಿಗೆ ಇದು ತಟ್ಟುವುದಿಲ್ಲ ಎಂದು ಯಾರಾದರೂ ಹೇಳಬಹುದು. ಸಾಲ ತೀರಿಸದವನು ತೀರಿಸಿದವನು, ಮುಳುಗಿದ ಕಂಪನಿ ನಿಂತ ಕಂಪನಿ, ಇವು ನಾವು ಕಲ್ಪಿಸಿದ ಗುಂಪುಗಳಲ್ಲ, ನಡೆದುಹೋದ ಘಟನೆಗಳು ಎಂಬುದು ಆ ಆಕ್ಷೇಪದ ತಿರುಳು. ಇದರಲ್ಲಿ ಹುರುಳಿದೆ. ಡೇವಿಡ್ ಡುರಾಂಡ್ 1941ರಲ್ಲೇ ಕಂತಿನ ಸಾಲಗಳಿಗೆ ಫಿಶರ್ ವಿಧಾನ ಹೂಡಿದರು. ಎಡ್ವರ್ಡ್ ಆಲ್ಟ್‌ಮನ್ 1968ರಲ್ಲಿ ದಿವಾಳಿಯಾದ 33 ಮತ್ತು ಆಗದ 33 ಅಮೆರಿಕನ್ ಕಂಪನಿಗಳ ಲೆಕ್ಕಪತ್ರಗಳಿಂದ ಐದು ಅನುಪಾತಗಳನ್ನು ಕೂಡಿಸಿ ಒಂದು ಅಂಕವನ್ನು ಕಟ್ಟಿದರು. ಇಂದಿಗೂ ವಾಣಿಜ್ಯ ವಿದ್ಯಾರ್ಥಿಗಳು ಅದನ್ನು ಓದುತ್ತಾರೆ. ಆದರೆ ಆಲ್ಟ್‌ಮನ್ ಏನು ಮಾಡಿದರು ನೋಡಿ. ಒಂದೇ ಗಡಿ ಎಳೆಯಲಿಲ್ಲ. ಅಂಕ 1.81ಕ್ಕಿಂತ ಕೆಳಗಿದ್ದರೆ ದಿವಾಳಿಯ ಕಡೆ, 2.99ಕ್ಕಿಂತ ಮೇಲಿದ್ದರೆ ಸುರಕ್ಷಿತ, ನಡುವಿನದ್ದು ಹೇಳಲಾಗದ ವಲಯ. ಗುಂಪುಗಳು ಇಷ್ಟು ಗಟ್ಟಿಯಾಗಿದ್ದ ಕಡೆಯೂ ಜವಾಬ್ದಾರಿಯುಳ್ಳ ವಿಜ್ಞಾನಿ ಸಂದೇಹಕ್ಕೆ ಜಾಗ ಬಿಟ್ಟರು. ಗುಂಪು ಮೆದುವಾದ ಕಡೆ, ಅಂದರೆ ರುಚಿ, ವ್ಯಕ್ತಿತ್ವ, ಸಮುದಾಯ, ನೆಲದ ತಳಿ ಇಂಥ ಕಡೆ, ಆ ಜಾಗ ಇನ್ನೂ ಅಗಲವಾಗಿರಬೇಕಲ್ಲವೆ?

ಇನ್ನೊಂದು ಆಕ್ಷೇಪ ಗಣಿತ ಬಲ್ಲವರದು. ಮಾದರಿಯ ಒಂದು ಭಾಗವನ್ನು ಪಕ್ಕಕ್ಕಿಟ್ಟು, ಉಳಿದದ್ದರಿಂದ ಅಕ್ಷ ಹುಡುಕಿ, ಪಕ್ಕಕ್ಕಿಟ್ಟದ್ದರ ಮೇಲೆ ಪರೀಕ್ಷಿಸಿದರೆ ಸುಳ್ಳು ಬೇರ್ಪಡಿಕೆ ಬಯಲಾಗುತ್ತದೆ ಎನ್ನುತ್ತಾರೆ ಅವರು. ಆ ಪರೀಕ್ಷೆ ಅತ್ಯಗತ್ಯ ಎಂಬುದರಲ್ಲಿ ಎರಡು ಮಾತಿಲ್ಲ. 20 ಮಾದರಿಗಳಿಗೆ 19 ಅಳತೆಗಳಿದ್ದರೆ, ನಾಣ್ಯ ಚಿಮ್ಮಿ ಗುಂಪಿನ ಹೆಸರಿಟ್ಟರೂ ಎರಡು ಗುಂಪುಗಳನ್ನು ಪೂರ್ತಿ ಬೇರ್ಪಡಿಸುವ ದಿಕ್ಕೊಂದು ಸಿಕ್ಕೇ ಸಿಗುತ್ತದೆ. ಥಾಮಸ್ ಕವರ್ 1965ರಲ್ಲಿ ಸಾಧಿಸಿದ ಲೆಕ್ಕದಂತೆ, 10 ಅಳತೆಗಳಿಗೆ 22 ಮಾದರಿಗಳಿದ್ದಾಗಲೂ ಹಾಗಾಗುವ ಸಂಭವ ಅರ್ಧಕ್ಕರ್ಧ. ಪ್ರಯೋಗಾಲಯದ ಯಂತ್ರವೊಂದು ಒಂದೇ ಹನಿಯಿಂದ ನೂರಾರು ಅಳತೆ ಕೊಡುವ ಈ ದಿನಗಳಲ್ಲಿ ಚಂದದ ಚಿತ್ರ ಸಿಗುವುದು ಏನೂ ಹೆಚ್ಚುಗಾರಿಕೆಯಲ್ಲ. ಪರೀಕ್ಷೆ ಈ ರೋಗಕ್ಕೆ ಮದ್ದು. ಹೆಸರಿನ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ರಿಸ್ಲೆಯ ಜಾತಿಗಳನ್ನೇ ಇಟ್ಟುಕೊಂಡು ಪರೀಕ್ಷೆ ಮಾಡಿ, ನೂರಕ್ಕೆ ಎಪ್ಪತ್ತು ಸರಿ ಬಂತು ಎಂದಿಟ್ಟುಕೊಳ್ಳಿ. ಕೊಟ್ಟ ಹೆಸರನ್ನು ಮೈಯಳತೆಯಿಂದ ಅಷ್ಟರಮಟ್ಟಿಗೆ ಊಹಿಸಬಹುದು ಎಂದಷ್ಟೇ ಅದರಿಂದ ತಿಳಿಯುತ್ತದೆ. ಆ ಹೆಸರು ಪ್ರಕೃತಿಯಲ್ಲಿದೆಯೋ ದಫ್ತರದಲ್ಲಿದೆಯೋ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಫಿಶರ್ ಅವರ 1936ರ ಪ್ರಬಂಧ ಅಚ್ಚಾದ ಪತ್ರಿಕೆಯ ಹೆಸರು ಆನಲ್ಸ್ ಆಫ್ ಯೂಜೆನಿಕ್ಸ್. ಉತ್ತಮ ವಂಶದವರು ಹೆಚ್ಚಬೇಕು, ಕೀಳೆನಿಸಿದವರು ಕಡಿಮೆಯಾಗಬೇಕು ಎಂಬ ಚಳವಳಿಯ ಪತ್ರಿಕೆ ಅದು. ಫಿಶರ್ ಆ ಚಳವಳಿಯಲ್ಲಿ ನಂಬಿಕೆಯಿಟ್ಟವರು. 2020ರಲ್ಲಿ ಕೇಂಬ್ರಿಜ್‌ನ ಕಾಲೇಜೊಂದು ಅವರ ನೆನಪಿನ ಗಾಜಿನ ಕಿಟಕಿಯನ್ನು ತೆಗೆದುಹಾಕಲು ನಿರ್ಧರಿಸಿತು. ಅದೇ ವರ್ಷ ಐರಿಸ್ ಹೂಗಳ ಬದಲಿಗೆ ಪಾಠಕ್ಕೆ ಬಳಸಲೆಂದು ಅಂಟಾರ್ಕ್ಟಿಕಾದ ಪಾಮರ್ ನೆಲೆಯ ಸುತ್ತಲಿನ ಮೂರು ಜಾತಿಯ ಪೆಂಗ್ವಿನ್‌ಗಳ ಅಳತೆಗಳು ಆರ್‌ಗೆ ಬಂದವು. ಒಳ್ಳೆಯದೇ ಆಯಿತು. ಆದರೆ ಉದಾಹರಣೆ ಬದಲಿಸಿದ ಮಾತ್ರಕ್ಕೆ ಓದುವ ರೀತಿ ಬದಲಾಗದು. ಹೂವಾಗಲಿ ಪೆಂಗ್ವಿನ್ ಆಗಲಿ, ಅಲ್ಲಿ ಗುಂಪಿನ ಹೆಸರನ್ನು ಸಸ್ಯವಿಜ್ಞಾನಿಯೋ ಪಕ್ಷಿವಿಜ್ಞಾನಿಯೋ ಬೇರೆ ಆಧಾರಗಳಿಂದ ಖಚಿತಪಡಿಸಿ ಕೊಟ್ಟಿರುತ್ತಾರೆ. ಕಲಿಯುವವನಿಗೆ ಹೆಸರನ್ನು ಪ್ರಶ್ನಿಸುವ ಪ್ರಸಂಗವೇ ಬರುವುದಿಲ್ಲ. ಹಾಗೆ ಕಲಿತವನು ನಾಳೆ ಮನುಷ್ಯರ ಮೇಲೆ ಇದೇ ಆಜ್ಞೆ ಓಡಿಸುತ್ತಾನೆ. ನನ್ನನ್ನು ಕೇಳಿದರೆ, ತರಗತಿಯಲ್ಲಿ ಐರಿಸ್ ಮುಗಿದ ಮರುದಿನವೇ ರಾವ್ ಅವರ ಬ್ರಾಹ್ಮಣ, ಕುಶಲಕರ್ಮಿ, ಕೋರ್ವಾ ಕೋಷ್ಟಕವನ್ನು ಇಟ್ಟು ಪಾಠ ಮಾಡಬೇಕು. ಸರಾಸರಿಗಳ ಪಕ್ಕದಲ್ಲಿ ಚದುರುವಿಕೆಯ ಸಾಲೂ ಅಲ್ಲೇ ಇದೆ, ಕಣ್ಣಿದ್ದವರಿಗೆ ಅಷ್ಟು ಸಾಕು.

ಈ ವಿಧಾನ ಬಳಸಿ ಪ್ರಬಂಧ ಬರೆಯುತ್ತಿರುವವರಲ್ಲಿ ಒಂದು ಕೋರಿಕೆಯಿದೆ. ಚಿತ್ರದ ಕೆಳಗೆ ಮೂರು ಸಾಲುಗಳನ್ನು ಸೇರಿಸಿ: ಗುಂಪುಗಳ ಹೆಸರು ಎಲ್ಲಿಂದ ಬಂತು, ಒಂದೊಂದು ಅಕ್ಷದ ಪಾಲು ಶೇಕಡ ಎಷ್ಟು, ಎಷ್ಟು ಚುಕ್ಕೆಗಳನ್ನು ಯಾವ ಗುಂಪಿಗೂ ನೆಚ್ಚಿಕೆಯಿಂದ ಸೇರಿಸಲಾಗಲಿಲ್ಲ. ಮೊದಲನೆಯದು ನಿಮ್ಮ ಸಮೀಕ್ಷೆಯ ನಮೂನೆಯಲ್ಲಿದೆ, ಉಳಿದೆರಡು ನೀವು ಬಳಸುವ ಸಾಫ್ಟ್‌ವೇರಿನ ಫಲಿತಾಂಶದಲ್ಲೇ ಇವೆ.